ಸೋಪು ಹಚ್ಚಿದ ಪಾದಗಳು

ಚಿಂತಾಮಣಿಯ ನಮ್ಮ ಚರ್ಚಿನ ಸಭಾಪಾಲಕರಾದ ಜೀವರತ್ನಂ ಅಯ್ಯನವರು ದೀನತೆಯ ಬಗ್ಗೆ ಬೋಧಿಸಲು ನಿಂತರೆ ಮೈಕಿನ ಸದ್ದು ಅಂಬಾಜಿದುರ್ಗದ ಬೆಟ್ಟಕ್ಕೆ ಬಡಿದು ವಾಪಸು ಬರಬೇಕು. "ನಾನು ನಿಮ್ಮ ಪಾದದ ಧೂಳು" ಎಂದು ಅವರು ಹೇಳುವಾಗ ನಾವ್ಯಾರೂ ಕೂತಿರುವಂತಿಲ್ಲ. ಅವರು ಊರಲ್ಲಿಲ್ಲದಾಗಲೂ ಅವರ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ಗೇಟಿನ ಫ್ಲೆಕ್ಸಿನಲ್ಲಿ ಶಿಲುಬೆ ಅವರ ಭುಜದ ಹಿಂದಿನಿಂದ ಇಣುಕುತ್ತದೆ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಶುಭ ಶುಕ್ರವಾರದ ಹಿಂದಿನ ಸಂಜೆ ಅವರೂ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಆದರೆ ಆ ಹನ್ನೆರಡು ಮಂದಿ ಮೊದಲೇ ನಲ್ಲಿಯಲ್ಲಿ ಸೋಪು ಹಚ್ಚಿ ತೊಳೆದುಕೊಂಡಿರಬೇಕು, ಫೋಟೊದವನೂ ಬಂದಿರಬೇಕು. ಈ ಸಲ ಟೊಮೆಟೊ ಮಂಡಿಯ ಕೂಲಿ ಮುಗಿಸಿ ನೇರ ಬಂದ ಸಂಪೂರ್ಣಮ್ಮ ಕೆಸರುಗಾಲಲ್ಲೇ ಹನ್ನೆರಡನೆಯವಳಾಗಿ ಸಾಲಿನಲ್ಲಿ ಕೂತಳು. ಬಗ್ಗಿದ ಅಯ್ಯನವರು ಹಾಗೇ ನೆಟ್ಟಗಾದರು. "ಏನಮ್ಮಾ ಇದು, ಕಾಲು ತೊಳ್ಕೊಂಡು ಬರ್ಬಾರ್ದಾ?" ಸಂಪೂರ್ಣಮ್ಮ ಎದ್ದುಹೋಗಿ ನಲ್ಲಿಯಲ್ಲಿ ಕಾಲು ತೊಳೆದು, ಚಪ್ಪಲಿ ಮೆಟ್ಟಿ, ಬಾಗಿಲಲ್ಲೇ ನಿಂತು ಹೇಳಿದಳು: "ನಾನೇ ತೊಳ್ಕೊಂಡೆ ಅಯ್ನೋರೆ. ಇನ್ನ ನೀವ್ಯಾಕೆ ಬಗ್ಗಬೇಕು?" ಅವಳು ಮನೆಗೆ ಹೊರಟುಹೋದಳು. ಅಯ್ಯನವರು ಫೋಟೊದವನತ್ತ ನೋಡಿದರು. ಉಳಿದ ಹನ್ನೊಂದು ಮಂದಿ ನಾವು, ಸೋಪಿನ ವಾಸನೆಯ ಕಾಲುಗಳನ್ನು ಮುಂದಕ್ಕೆ ಚಾಚಿದೆವು.