ಪುರವರದ ಮಿಲ್ಲಿಗೆ ಬಿಳಿ ಗ್ರೀಸು ತಂದ ಮಹಜಬೀನ್

ಇನ್ನೂ ಪೂರ್ತಿ ಬೆಳಕಾಗಿಲ್ಲ. ಮಧುಗಿರಿ ತಾಲ್ಲೂಕಿನ ಪುರವರದಲ್ಲಿ, ಸರಸಮ್ಮನವರ ಕಡಲೆಕಾಯಿ ಎಣ್ಣೆ ಮಿಲ್ಲಿನ ನೆಲದ ಮೇಲೆ ಮಹಜಬೀನ್ ಮಂಡಿಯೂರಿ ಕೂತಿದ್ದಾರೆ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿ ಯಂತ್ರದ ಬೇರಿಂಗ್ ಮೇಲಿದೆ, ಹಿಡಿ ಅವರ ಕಿವಿಗಂಟಿದೆ. "ಒಸಿ ಓಡ್ಸಣ್ಣ" ಎಂದದ್ದೇ ತಡ, ಸರಸಮ್ಮನವರ ತಮ್ಮ ಬೈರಪ್ಪ ಸ್ವಿಚ್ ಒತ್ತುತ್ತಾರೆ. ಯಂತ್ರ ಗುರ್ರೆನ್ನುತ್ತದೆ. ಗಳಿಗೆ ಹೊತ್ತು ಕೇಳಿಸಿಕೊಂಡ ಮಹಜಬೀನ್ ಕೈಯೆತ್ತುತ್ತಾರೆ.

"ಸಾಕು, ನಿಲ್ಸಿ. ಗಂಟ್ಲು ಒಣಗಿ ಕೂಗ್ತಾ ಐತೆ."

ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿರುವ ಸರಸಮ್ಮನವರ ಹುಬ್ಬು ಗಂಟಿಕ್ಕಿದೆ. ಗಂಟಿಕ್ಕದೇ ಇನ್ನೇನು? ನಿನ್ನೆ ವಿಜಯದಶಮಿಯ ಸಂಜೆ ಯಂತ್ರ ಓಡಿಸಿದರೆ ಬೇರಿಂಗ್ ಕೈಯಿಡಲಾಗದಷ್ಟು ಕಾದಿದೆ, ಗ್ರೀಸು ನೀರಾಗಿ ಸೋರಿದೆ. ಹೊಸ ಕಡಲೆಕಾಯಿ ಮೂಟೆಗಳು ಬಾಗಿಲ ತನಕ ಬಂದು ಕೂತಿವೆ. ಆ ಗ್ರೀಸನ್ನು ಕೊಟ್ಟವರು ಇದೇ ಮಹಜಬೀನ್. "ನಿನ್ ಬಿಳಿ ಗ್ರೀಸು ತಗಂಡೋಗ್ಬುಡು ಕಣಮ್ಮ, ನಮ್ಗೆ ಹಳೇದೇ ವಾಸಿ" ಎಂದು ಸರಸಮ್ಮ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಡಬ್ಬ ವಾಪಸು ಒಯ್ಯಲು ಬಂದವರಂತೆ ಮಹಜಬೀನ್ ಕಾಣುತ್ತಿಲ್ಲ. ಶಿರಾದಿಂದ ಕತ್ತಲಲ್ಲೇ ಸ್ಕೂಟರ್ ಹತ್ತಿ ಬಂದವರು ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಗೋಣಿಯ ಮೇಲೆ ಜೋಡಿಸಿಕೊಳ್ಳುತ್ತಾರೆ.

ಯಾವ ಯಂತ್ರಕ್ಕೆ ಯಾವ ಎಣ್ಣೆ, ಯಾವ ಗ್ರೀಸು ಎಂದು ಆರಿಸಿ, ಹುಡುಕಿ ತರಿಸಿ ಕೊಡುವುದು ಮಹಜಬೀನ್ ಅವರ ಕಸುಬು. ಇದಕ್ಕೆ ಅವರನ್ನು ಎಳೆದದ್ದು ಸುಟ್ಟ ಬೇರಿಂಗುಗಳು. ಗಂಡ ಅಕ್ರಂ ಶಿರಾದಲ್ಲಿ ಲೇತ್ ಇಟ್ಟುಕೊಂಡಿದ್ದಾರೆ. ಅಲ್ಲಿಗೆ ಅದದೇ ಮಿಲ್ಲಿನವರು ಅದದೇ ಬೇರಿಂಗ್ ಸುಟ್ಟುಕೊಂಡು ಬರುವುದನ್ನು ನೋಡಿ ನೋಡಿ ಇವರಿಗೆ ತಲೆ ಕೆಟ್ಟುಹೋಯಿತು. ಒಂದು ದಿನ ಕೇಳಿಯೇಬಿಟ್ಟರು: ಇದಕ್ಕೆ ಏನು ಹಾಕುತ್ತೀರಿ? ಒಬ್ಬರು ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಎಣ್ಣೆ ಎಂದರು. ಇನ್ನೊಬ್ಬರು "ಎಣ್ಣೆ ಅಂದ್ರೆ ಎಣ್ಣೆ ಕಣಮ್ಮ, ಅದ್ರಲ್ಲೇನೈತೆ?" ಎಂದು ನಕ್ಕರು.

ಅದರಲ್ಲಿ ಏನೇನಿದೆ ಎಂದು ಮಹಜಬೀನ್ ಬೆರಳು ಮಸಿ ಮಾಡಿಕೊಂಡೇ ಕಲಿತರು. ಪಾವಗಡದ ಬಿಸಿಲಲ್ಲಿ ದುಡಿಯುವ ಕಲ್ಲಿನ ಕ್ರಷರಿಗೆ ಬೇಕಾದದ್ದು ದೂಳನ್ನು ಒಳಗೆ ಬಿಡದ, ಅಂಟಿಕೊಂಡು ನಿಲ್ಲುವ ಗ್ರೀಸು. ಅದನ್ನೇ ತಂದು ಮಿಲ್ಲಿನ ವೇಗದ ಮೋಟರಿಗೆ ಮೆತ್ತಿದರೆ ಕೆಟ್ಟಿತು ಕಥೆ. ಅಂಗಡಿಗೆ ಬಂದವರು ಈಗಲೂ ಒಮ್ಮೊಮ್ಮೆ "ಯಜಮಾನ್ರಿಲ್ವಾ?" ಎಂದು ಕತ್ತು ಚಾಚುವುದುಂಟು. "ಅವ್ರು ಲೇತ್ ಹತ್ರ ಅವ್ರೆ. ಎಣ್ಣೆ ವಿಚಾರಕ್ಕೆ ನಾನೇ ಯಜಮಾನ್ರು, ಹೇಳಿ" ಎನ್ನುತ್ತಾರೆ ಇವರು. ದಿನಕ್ಕೆ ನಾಲ್ಕೈದು ಮಿಲ್ಲು, ವಾರಕ್ಕೊಮ್ಮೆ ಕೊರಟಗೆರೆ ಕಡೆ, ತಿಂಗಳಿಗೊಮ್ಮೆ ಬೆಂಗಳೂರು. ಇಷ್ಟು ಓಡಾಡಿಯೂ ಸಂಜೆ ಬಿರಿಯಾನಿಗೆ ಈರುಳ್ಳಿ ಹೆಚ್ಚುವಷ್ಟು ಹುಮ್ಮಸ್ಸು ಉಳಿಸಿಕೊಂಡಿರುತ್ತಾರೆ.

ಬಿಳಿ ಗ್ರೀಸಿನದು ಮಾತ್ರ ಹಟದ ಕಥೆ. ಎಣ್ಣೆ ಹಿಂಡುವ ಜಾಗದ ಮಗ್ಗುಲಲ್ಲೇ ಬೇರಿಂಗ್ ಇರುತ್ತದೆ. ಅದರಿಂದ ಒಂದು ತೊಟ್ಟು ಜಾರಿದರೂ ಜನ ತಿನ್ನುವ ಎಣ್ಣೆಗೇ ಬೀಳುತ್ತದೆ. ಬಿಳಿಯದು ಹಾಗೆ ಬಿದ್ದರೂ ಹೊಟ್ಟೆಗೆ ಕೇಡು ಮಾಡದ ಜಾತಿ. ಬೆಂಗಳೂರಿನ ವ್ಯಾಪಾರಿ ಪೂರಾ ಡ್ರಮ್ ಕೊಂಡರಷ್ಟೇ ಕೊಡುತ್ತೇನೆಂದಾಗ, ಮಹಜಬೀನ್ ಇಡೀ ಡ್ರಮ್ಮನ್ನೇ ತಂದು ಸಣ್ಣ ಡಬ್ಬಗಳಿಗೆ ತುಂಬಿದರು. ಮೊದಲು ಒಪ್ಪಿದ್ದು ಸರಸಮ್ಮ. ಕೊಳಾಲದ ಮಿಲ್ಲಿನ ರಂಗೇಶ್ ಸೇರಿದಂತೆ ಉಳಿದವರೆಲ್ಲ "ಪುರವರದಲ್ಲಿ ಹೆಂಗಾಯ್ತದೋ ನೋಡಾನ" ಎಂದು ಕಾದು ಕೂತಿದ್ದಾರೆ. ಇಲ್ಲಿ ಕೆಟ್ಟ ಹೆಸರು ಬಂತೆಂದರೆ ಆ ಡಬ್ಬಗಳನ್ನು ಇನ್ನಾರೂ ಮೂಸಿಯೂ ನೋಡುವುದಿಲ್ಲ.

ಬೇರಿಂಗಿನ ಮುಚ್ಚಳ ಕಳಚುತ್ತದೆ. ಒಳಗಿರುವುದು ಬಿಳಿಯಲ್ಲ, ಗುಲಾಬಿ ಬಣ್ಣದ ತೆಳು ಗಂಜಿ. ಬೆರಳಲ್ಲಿ ತೆಗೆದು, ತಿಕ್ಕಿ, ಮೂಸಿದ ಮಹಜಬೀನ್ ಬೈರಪ್ಪನವರತ್ತ ತಿರುಗುತ್ತಾರೆ. "ಅಣ್ಣ, ಹಬ್ಬದ ದಿನ ಇದಕ್ಕೆ ಏನ್ ತಿನ್ಸಿದ್ರಿ?"

ಬೈರಪ್ಪ ತಲೆ ಕೆರೆದುಕೊಳ್ಳುತ್ತಾರೆ. ಆಯುಧಪೂಜೆಯಂದು ಯಂತ್ರ ತೊಳೆದು, ವಿಭೂತಿ ಬಳಿದು, ಹೊರಗೆ ಉಕ್ಕುವ ತನಕ ಗ್ರೀಸ್ ಗನ್ನಿನಿಂದ ಗ್ರೀಸು ಒತ್ತುವುದು ಈ ಕಡೆಯ ಮಿಲ್ಲುಗಳ ವಾಡಿಕೆ. ಬಿಳಿ ಡಬ್ಬದಲ್ಲಿ ಅಷ್ಟಕ್ಕೆ ಸಾಲುವಷ್ಟು ಉಳಿದಿರಲಿಲ್ಲ. ಮೂಲೆಯಲ್ಲಿ ಹಳೆಯ ಕೆಂಪು ಗ್ರೀಸು ಮಿಕ್ಕಿತ್ತು.

"ಹಬ್ಬದ ದಿನ ಯಂತ್ರಾನ ಉಪಾಸ ಇಡಕ್ಕಾಯ್ತದಾ? ಅದ್ನೇ ತುಂಬ್ಬುಟ್ಟೆ ಕಣಮ್ಮ."

ಮಹಜಬೀನ್ ನಗು ತಡೆಯುವುದಿಲ್ಲ. ಇವೆರಡು ಗ್ರೀಸಿಗೂ ಹೊಂದಾಣಿಕೆಯಿಲ್ಲ, ಕೂಡಿದರೆ ಎರಡೂ ನೀರಾಗುತ್ತವೆ. ಸಾಲದ್ದಕ್ಕೆ ಗಂಟಲ ತನಕ ತುಂಬಿದರೆ ಬೇರಿಂಗ್ ತಿರುಗುವುದಕ್ಕೆ ಜಾಗವಿಲ್ಲದೆ ಕಾಯುತ್ತದೆ. "ಪ್ರೀತಿ ಜಾಸ್ತಿಯಾಗಿ ಜ್ವರ ಬಂದೈತೆ, ಅಷ್ಟೆ" ಎನ್ನುತ್ತಲೇ ಸೀಮೆಎಣ್ಣೆಯಲ್ಲಿ ಎಲ್ಲ ತೊಳೆದು ಒರೆಸುತ್ತಾರೆ. ಬೇರಿಂಗಿನ ಗುಂಡುಗಳು ಕಾವಿಗೆ ಸುಟ್ಟು ನೀಲಿಗಟ್ಟಿಲ್ಲ, ಬಚಾವು. ಬಿಳಿ ಗ್ರೀಸನ್ನು ಬೆರಳಿನಿಂದಲೇ ಮೆತ್ತಿ, ಒಳಗೆ ಸಾಕಷ್ಟು ಜಾಗ ಬಿಟ್ಟು ಮುಚ್ಚಳ ಬಿಗಿಯುತ್ತಾರೆ.

ಯಂತ್ರ ಓಡುತ್ತದೆ. ಮೂಟೆಗಳು ಒಂದೊಂದಾಗಿ ಖಾಲಿಯಾಗುತ್ತವೆ. ಬಿಸಿಲು ಬಾಗಿಲು ದಾಟಿ ಒಳಗೆ ಬಂದಾಗ ಸರಸಮ್ಮನವರೇ ಬಂದು ಬೇರಿಂಗ್ ಮೇಲೆ ಅಂಗೈ ಊರುತ್ತಾರೆ. ಕೈ ತೆಗೆಯುವುದೇ ಇಲ್ಲ. ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಕೊಳಾಲಕ್ಕೆ ಹಚ್ಚುತ್ತಾರೆ.

"ರಂಗೇಶಪ್ಪ, ನಿನ್ನೆ ನಿಂಗೂ ಫೋನ್ ಮಾಡಿ ಬಿಳಿ ಗ್ರೀಸು ಬ್ಯಾಡ ಅಂದಿದ್ನಲ್ಲಾ, ತಪ್ಪು ನಮ್ದೇ ಕಣಪ್ಪ. ನಾವೇ ಬೆರ್ಕೆ ಮಾಡಿದ್ವಿ. ನೀನೂ ತಗ. ಆದ್ರೆ ಈಯಮ್ಮ ಹೇಳ್ದಂಗೇ ಹಾಕು."

ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಮಹಜಬೀನ್ ಅವರ ಕಣ್ಣು ತುಂಬಿ ಬರುತ್ತದೆ. ಅದನ್ನು ಸೀಮೆಎಣ್ಣೆಯ ಘಾಟಿನ ಮೇಲೆ ಹಾಕಿ ಪಾರಾಗುತ್ತಾರೆ. ಬೈರಪ್ಪನವರ ಮುಖ ಸಪ್ಪಗಾದದ್ದನ್ನೂ ಅವರು ಗಮನಿಸಿದ್ದಾರೆ. "ಅಣ್ಣ, ಮುಂದಿನ ವರ್ಷ ಗ್ರೀಸ್ ಗನ್ನಿಗೂ ಅರಿಶಿಣ ಕುಂಕುಮ ಇಡಿ, ಹೂವ ಮುಡಿಸಿ, ಚೆನ್ನಾಗಿ ಪೂಜೆ ಮಾಡಿ. ಒತ್ಬ್ಯಾಡಿ, ಅಷ್ಟೆ" ಎಂದಾಗ ಅಕ್ಕ ತಮ್ಮ ಇಬ್ಬರೂ ನಕ್ಕುಬಿಡುತ್ತಾರೆ.

ಸ್ಕೂಟರ್ ಹತ್ತುವ ಮೊದಲು, ನಿಮಗೇನು ಆಸೆ ಎಂದು ಕೇಳಿದರೆ ಮಹಜಬೀನ್ ಬಹಳ ಯೋಚಿಸುವುದಿಲ್ಲ.

"ಒಂದು ವರ್ಷ, ದಸರಾ ಮಾರನೇ ದಿನ ಬಿಸಿಲೇರೋ ಗಂಟ ಮಲಗ್ಬೇಕು ನಾನು. ಯಾವ ಮಿಲ್ಲಿಂದಾನೂ ಫೋನ್ ಬರಬಾರ್ದು. ಅವತ್ತು ತಿಳ್ಕೊಂತೀನಿ, ಕೊಟ್ಟಿದ್ದನ್ನ ಸರಿಯಾಗೇ ಕೊಟ್ಟಿದ್ದೀನಿ ಅಂತ."