ನಾನು ಸಾಕಿದ ದೆವ್ವಗಳು, ಮುರಿಗೆಪ್ಪನ ಖಂಡೇಪೂಜೆ

ನಾನೊಂದು ಕಾಲಕ್ಕೆ ದೆವ್ವ ಸಾಕಿದ್ದೆ. ಒಂದಲ್ಲ, ನಾಲ್ಕು. ಗಾಬರಿಯಾಗಬೇಡಿ. ಅವು ಕಂಪ್ಯೂಟರಿನ ಒಳಗೆ ಇದ್ದವು. ಕರೆಂಟು ಹೋದರೆ ತಾವೂ ಹೋಗುತ್ತಿದ್ದವು. ನಮ್ಮ ರಬಕವಿಯಲ್ಲಿ ಆಗ ಕರೆಂಟು ಹೋಗುತ್ತಿದ್ದ ರೀತಿಗೆ, ದೆವ್ವ ಬಿಡಿಸುವವರಿಗೆ ಊರಲ್ಲಿ ಬೇರೆ ಕೆಲಸವೇ ಉಳಿದಿರಲಿಲ್ಲ.

ಆಗ ನನಗೆ ನಲವತ್ತು ದಾಟಿತ್ತು ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ. ನನ್ನ ಉದ್ಯೋಗ ಸೀರೆಯ ಅಂಚು, ಸೆರಗುಗಳಿಗೆ ಡಿಜೈನು ಮಾಡಿಕೊಡುವುದು. ಮೊದಲು ಚೌಕಳಿ ಕಾಗದದ ಮೇಲೆ ಪೆನ್ಸಿಲಿನಿಂದ ಮನೆ ತುಂಬುತ್ತ ಕೂರುತ್ತಿದ್ದೆ. ಆಮೇಲೆ ಕಂಪ್ಯೂಟರು ಬಂತು. ಅದಕ್ಕೆ ಡಿಜೈನಿನ ಸಾಫ್ಟ್‌ವೇರು ಹಾಕಲು ಕೊಲ್ಹಾಪುರದಿಂದ ಬಂದಿದ್ದ ಗೃಹಸ್ಥ ನಮ್ಮವ್ವನ ಕೈಯ ರೊಟ್ಟಿ, ಶೇಂಗಾಹಿಂಡಿ ತಿಂದು ಸಂತುಷ್ಟನಾಗಿ, ಹೋಗುವಾಗ ವರ ಕೊಟ್ಟಂತೆ ಒಂದು ಆಟವನ್ನೂ ಹಾಕಿಕೊಟ್ಟು ಹೋದ. ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲಿಯವರೋ ಕೂಡಿ ಆಡುವ ಆಟ. ಕತ್ತಿ, ಗವಿ, ಘಟಸರ್ಪ, ಮಂತ್ರ, ಏನು ಬೇಕೋ ಎಲ್ಲ ಅದರಲ್ಲಿತ್ತು.

ಆಟದ ಹೊಸ್ತಿಲಲ್ಲೇ ‘ನೀನು ಯಾರಾಗುತ್ತೀ?’ ಎಂದು ಕೇಳುತ್ತಾರೆ. ಯೋಧ, ಬಿಲ್ಲುಗಾರ, ಗಾಯ ಮಾಯಿಸುವ ವೈದ್ಯ, ದೆವ್ವ ಕರೆಸುವ ಮಾಂತ್ರಿಕ, ಹೀಗೆ. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಅಪ್ಪ ಸೀರೆ ನೇಯ್ದ, ನಾನು ಅಂಚು ಬರೆದೆ, ಅಷ್ಟೇ. ಹಾಗಾಗಿ ಈ ಅಪರೂಪದ ಪ್ರಶ್ನೆಗೆ ಎರಡು ದಿನ ವಿಚಾರ ಮಾಡಿದೆ. ಯೋಧನಾದರೆ ಹೊಡೆತ ತಿನ್ನಬೇಕು. ಬಿಲ್ಲುಗಾರನಾದರೆ ಸದಾ ಓಡುತ್ತಿರಬೇಕು. ಮಾಂತ್ರಿಕನಾದರೆ ದೆವ್ವ ಮುಂದೆ ಹೋಗಿ ಹೊಡೆತ ತಿನ್ನುತ್ತದೆ, ನಾವು ಹಿಂದೆ ನಿಂತು ಬೆರಳು ತೋರಿಸಿದರೆ ಸಾಕು. ನಮ್ಮೂರಿನ ಮಗ್ಗದ ಮಾಲೀಕರನ್ನು ದಿನವೂ ನೋಡುತ್ತಿದ್ದ ನನಗೆ ಈ ಪದ್ಧತಿ ಪರಿಚಿತವೆನಿಸಿ ಮಾಂತ್ರಿಕನೇ ಆದೆ.

ನಮ್ಮ ಕಡೆಯ ಅಜ್ಜಿಕಥೆಗಳಲ್ಲಿ ದೆವ್ವ ಕರೆಸಿದವನ ಪಾಡು ನೆಟ್ಟಗಿರುವುದಿಲ್ಲ. ಬಂದ ದೆವ್ವ ‘ಕೆಲಸ ಕೊಡು, ಇಲ್ಲವಾದರೆ ನಿನ್ನನ್ನೇ ತಿನ್ನುತ್ತೇನೆ’ ಎನ್ನುತ್ತದೆ. ಕೊಟ್ಟ ಕೆಲಸವನ್ನೆಲ್ಲ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಮುಗಿಸುತ್ತದೆ. ಕೊನೆಗೆ ಜಾಣನೊಬ್ಬ ಅಂಗಳದಲ್ಲಿ ಕಂಬ ನೆಟ್ಟು, ಹತ್ತುತ್ತ ಇಳಿಯುತ್ತ ಇರು ಎಂದು ಹೇಳಿ ಪಾರಾಗುತ್ತಾನೆ. ನನ್ನ ದೆವ್ವಗಳದು ಇದಕ್ಕೆ ಉಲ್ಟಾ. ಬೆಂಕಿಯುಂಡೆ ಎಸೆಯುವ ಗೇಣುದ್ದದ ಒಂದಿತ್ತು. ಕರೆಸಿದೊಡನೆ ‘ಮತ್ತೆ ಯಾಕೆ ಕರೆಸಿದೆ’ ಎಂದು ಗೊಣಗುತ್ತಿತ್ತು. ಇನ್ನೊಂದು ಕರಿಮೋಡದಂಥ ಮೈಯ ದೊಡ್ಡ ದೆವ್ವ. ಶತ್ರುಗಳ ನಡುವೆ ನಿಂತು ಪೆಟ್ಟು ತಿನ್ನುವುದೇ ಅದರ ಕಸುಬು. ಪ್ರತಿ ಸಲ ಕರೆಸಲು ಸತ್ತ ಶತ್ರುವಿನ ಆತ್ಮದ ಒಂದು ಚೂರು ಖರ್ಚಾಗುತ್ತಿತ್ತು. ಅಂಥ ಚೂರುಗಳನ್ನು ಮೊದಲೇ ಕೂಡಿಸಿ ಚೀಲದಲ್ಲಿ ಇಟ್ಟುಕೊಂಡಿರಬೇಕು. ಎಲೆಅಡಿಕೆಯ ಚೀಲವಿಲ್ಲದೆ ಮನೆ ಬಿಡದ ನಮ್ಮ ಸೋದರಮಾವನ ಹಾಗೆ ನಾನೂ ಇಪ್ಪತ್ತು ಮೂವತ್ತು ಆತ್ಮಗಳಿಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವ್ವ ಚಹಾ ತಂದವಳು, ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಗ್ಗಿದಳು.

“ಇದ್ಯಾವ್ದೋ ಇದು, ಕರ್ರಗ?”

“ದೆವ್ವ ಬೇ. ನಾನ ಕರಸೀನಿ.”

ಅವ್ವ ಚೀರುತ್ತಾಳೆ, ಇಲ್ಲವೇ ಒಳಗೆ ಓಡಿ ಉಪ್ಪು ಮೆಣಸಿನಕಾಯಿ ತಂದು ನಿವಾಳಿಸುತ್ತಾಳೆ ಎಂದು ನಾನು ಹುರುಪಿನಿಂದ ಕಾದಿದ್ದೆ. ಅವಳು ಎರಡು ನಿಮಿಷ ನಿಂತು, ನಾಲ್ಕು ಜನ ಸೇರಿ ನನ್ನ ದೆವ್ವವನ್ನು ಚಚ್ಚುತ್ತಿದ್ದುದನ್ನು ನೋಡಿದಳು.

“ಎಷ್ಟ ದುಡಿಯಾಕತ್ತೈತೋ ಪಾಪ. ಇದಕ್ಕ ಏನರ ತಿನ್ನಾಕ ಹಾಕೀಯೋ ಇಲ್ಲೋ?”

ಅವತ್ತೇ ಅದಕ್ಕೆ ಗುಂಡಪ್ಪ ಎಂದು ಹೆಸರಿಟ್ಟಳು. ಅವ್ವನ ಲೋಕದಲ್ಲಿ ದೇವರು, ದೆವ್ವ ಎಂಬ ಭೇದ ದೊಡ್ಡದಲ್ಲ. ದುಡಿಯುವವರು, ಕೂತು ತಿನ್ನುವವರು ಎಂಬುದೇ ದೊಡ್ಡ ಭೇದ. ಗುಂಡಪ್ಪ ಮೊದಲನೆಯ ಪಂಗಡದವನು. ನಾನು ಯಾವ ಪಂಗಡದವನು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಈ ಹುಚ್ಚಿಗೆ ನಾನು ಮುರಿಗೆಪ್ಪನನ್ನೂ ಎಳೆದೆ. ಮುರಿಗೆಪ್ಪ ನನ್ನ ಸಾಲಿಗೆಳೆಯ, ಬನಹಟ್ಟಿಯವನು. ರಬಕವಿ ಎಲ್ಲಿ ಮುಗಿಯಿತು, ಬನಹಟ್ಟಿ ಎಲ್ಲಿ ಶುರುವಾಯಿತು ಎಂದು ಹೊಸಬರಿಗೆ ತಿಳಿಯುವುದಿಲ್ಲ; ನಮಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ, ಯಾಕೆಂದರೆ ಒಬ್ಬರನ್ನೊಬ್ಬರು ಹಂಗಿಸಲು ಎರಡು ಊರು ಬೇಕಲ್ಲ. ಅವನು ಎರಡು ದಿನ ವಿಚಾರ ಮಾಡಲಿಲ್ಲ. ಕೇಳಿದ ಕೂಡಲೇ ವೈದ್ಯನಾದ. ನಾನು ಸಾಲಿಯಲ್ಲಿ ಜಗಳ ತೆಗೆದು ಮೂಗು ಒಡೆಸಿಕೊಂಡಾಗ ಅರಿಷಿಣ ತರಲು ಓಡುತ್ತಿದ್ದವನೂ ಅವನೇ.

ಮಾಂತ್ರಿಕನಿಗೆ ಒಂದು ದುಷ್ಟ ವಿದ್ಯೆ ಉಂಟು. ಮಂತ್ರಶಕ್ತಿ ತೀರಿದರೆ ತನ್ನ ಪ್ರಾಣವನ್ನೇ ಸುಟ್ಟು ಶಕ್ತಿ ಮಾಡಿಕೊಳ್ಳಬಹುದು. ಸಾವಧಾನದವರು ಇದನ್ನು ಆಪತ್ತಿಗೆ ಮಾತ್ರ ಬಳಸುತ್ತಾರೆ. ನಾನು ಧಾರಾಳವಾಗಿ ಬಳಸುತ್ತಿದ್ದೆ, ಹಿಂದೆ ಮುರಿಗೆಪ್ಪ ನಿಂತಿದ್ದನಲ್ಲ.

“ನಿನ್ನ ಜೀವಾ ನೀನ ಸುಟಗೊಂತಿ, ನಾ ಕೊಡಗಟ್ಟಲೆ ತಂದ ಸುರವ್ಲೇನು? ನಿಮ್ಮ ಮನಿ ನೀರ ಹೊರಾವನೇನಲೇ ನಾ?” ಎಂದು ಹೆಡ್‌ಫೋನಿನಲ್ಲಿ ಬೈಯುತ್ತಿದ್ದ. ಬೈಯುತ್ತಲೇ ಸುರುವುತ್ತಿದ್ದ. ಗುಂಡಪ್ಪನಿಗೂ ಸುರುವುತ್ತಿದ್ದ. ನಮ್ಮಿಬ್ಬರನ್ನೂ ಸೇರಿಸಿ ತಂಡದಲ್ಲಿ ಹತ್ತು ಜನ. ಉಳಿದವರು ಪುಣೆ, ಸೊಲ್ಲಾಪುರ, ಸಾಂಗ್ಲಿಯವರು. ಅವರೆಲ್ಲ ಮುರಿಗೆಪ್ಪನನ್ನು ‘ಡಾಕ್ಟರಸಾಹೇಬ’ ಎಂದು ಕರೆಯುತ್ತಿದ್ದರು, ಅವನನ್ನು ಕೇಳದೆ ಯಾವ ಗವಿಯೊಳಗೂ ಕಾಲಿಡುತ್ತಿರಲಿಲ್ಲ. ನನ್ನನ್ನು ಯಾರೂ ಸಾಹೇಬ ಅನ್ನಲಿಲ್ಲ.

ಹೀಗಿರುವಾಗ ಖಂಡೇನವಮಿ ಬಂತು. ನೇಕಾರರ ಊರಿನಲ್ಲಿ ಅದು ಎಂಥ ದಿನವೆಂದು ಹೊರಗಿನವರಿಗೆ ಹೇಳಬೇಕು. ಅವತ್ತು ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸುತ್ತಾರೆ. ಆಮೇಲೆ ಮರುದಿನ ಬೆಳಗಿನವರೆಗೆ ಅವನ್ನು ಯಾರೂ ಮುಟ್ಟಬಾರದು. ವರ್ಷವೆಲ್ಲ ಖಟಖಟ ಎನ್ನುವ ಓಣಿಗಳು ಅವತ್ತು ಒಮ್ಮೆಲೇ ಸುಮ್ಮನಾಗುತ್ತವೆ. ಕತ್ತರಿಗೂ ರಜೆ, ಲಾಳಿಗೂ ರಜೆ. ಅವ್ವ ನನ್ನ ಕಂಪ್ಯೂಟರಿಗೆ ಮೂರು ಬೆರಳಿನ ವಿಭೂತಿ ಎಳೆದು, ಕೀಬೋರ್ಡಿನ ಮೇಲೆ ಹೂವಿಟ್ಟು, “ಗುಂಡಪ್ಪಗೂ ಇವತ್ತ ಸೂಟಿ. ಮುಟ್ಟಿಗಿಟ್ಟೀ ಮತ್ತ” ಎಂದು ಹೇಳಿ ಹೋದಳು.

ಅವತ್ತೇ ಸಂಜೆ ಐದಕ್ಕೆ ನಮ್ಮ ತಂಡ ಘಟಸರ್ಪದ ಗವಿಗೆ ಹೋಗುವುದಿತ್ತು. ತಿಂಗಳಿಂದ ತಯಾರಿ ನಡೆಸಿದ್ದವನು ಮುರಿಗೆಪ್ಪ. ಗುಂಡಪ್ಪ ಮುಂದೆ ನಿಲ್ಲದಿದ್ದರೆ ಆ ಹಾವಿನ ಮುಂದೆ ಯಾರೂ ಬದುಕುವಂತಿರಲಿಲ್ಲ. ನಾನು ನಾಲ್ಕೂವರೆಗೆ ಅವನಿಗೆ ಫೋನು ಮಾಡಿದೆ.

“ಇವತ್ತ ಬರಾಕ ಆಗೂದಿಲ್ಲಪಾ. ಪೂಜಿ ಆಗೈತಿ” ಅಂದೆ.

“ಎಂಟ ಮಂದಿ ಕಾಯಾಕತ್ತಾರಲೇ! ನಾ ಏನ ಮಾಡೀನಿ? ಪೂಜಿ ಬ್ಯಾಡಂತ ಹೇಳಿ ಕುಂತೇನಿ. ನೀನೂ ಹಂಗ ಹೇಳಬೇಕಿತ್ತು” ಎಂದು ಅವನು ರೇಗಿದ.

“ನಿಂದು ಆಟಗಿ ಸಾಮಾನಲೇ, ನಡೀತೈತಿ. ನಂದು ದುಡಿಯೂ ಸಾಮಾನ.”

ಹೇಳಿ ನಾನೇ ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ. “ಖರೆ ಐತಿ” ಎಂದು ಒಂದು ಮಾತು ಬಂತು, ಫೋನು ಕಟ್ಟಾಯಿತು.

ಅವ್ವ ಅಲ್ಲೇ ಕೂತು ಹೂವಿನ ತೊಟ್ಟು ಮುರಿಯುತ್ತಿದ್ದಳು. ಯಾರ ಜೊತೆ ಮಾತಾಡಿದೆ ಎಂದು ಕೇಳಿದಳು, ಹೇಳಿದೆ. ಅವಳ ಕೈ ನಿಂತಿತು.

“ಹಂಗ ಅಂದಿಯೇನೋ ಅವಂಗ? ಅಣ್ಣತಮ್ಮರು ಬ್ಯಾರೆ ಆಗಿ ಮಗ್ಗ ಎಲ್ಲಾ ತಮ್ಮನ ಪಾಲಿಗೆ ಹೋದವು. ಈ ವರ್ಷ ಅವನ ಮನ್ಯಾಗ ಪೂಜಿ ಮಾಡಾಕ ಏನೈತೆಪಾ?”

ಇದು ನನಗೆ ಗೊತ್ತಿರದ ಸಂಗತಿಯಲ್ಲ. ಪಾಲಾದಾಗ ಮನೆ ಇವನಿಗೆ, ನಾಲ್ಕು ಮಗ್ಗ ತಮ್ಮನಿಗೆ ಬಂದು, ಮುರಿಗೆಪ್ಪ ಬೇರೊಬ್ಬರ ಸೀರೆ ಅಂಗಡಿಯ ಗಾದಿಯ ಮೇಲೆ ಕೂತು ಗಿರಾಕಿಗಳಿಗೆ ಸೆರಗು ಹರವಿ ತೋರಿಸುತ್ತಿದ್ದ. ಗೊತ್ತಿತ್ತು, ಆದರೆ ಬಾಯಿ ತೆರೆದಾಗ ನೆನಪಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಮಗ್ಗ ಹೊಡೆದವನು ಖಂಡೇನವಮಿಯ ದಿನ ಖಾಲಿ ಕೈಯಲ್ಲಿ ಕೂತಿದ್ದಾಗ, ನಿನ್ನ ಹತ್ತಿರ ಇರುವುದು ಆಟದ ಸಾಮಾನು ಎಂದು ನಾನು ಹೇಳಿದ್ದೆ. ನನಗೆ ನಾಚಿಕೆಯಾಯಿತು. ಮೂವತ್ತು ವರ್ಷದ ಗೆಳೆತನವನ್ನು ಒಂದು ಚೇಷ್ಟೆಯ ಮಾತಿಗೆ ಸುಟ್ಟುಕೊಂಡೆನೇನೋ ಎಂದು ಹೆದರಿಕೆಯೂ ಆಯಿತು. ಮತ್ತೆ ಫೋನು ಹಚ್ಚಿದೆ. ಅವನು ಎತ್ತಲಿಲ್ಲ.

ಮರುದಿನ ದಶಮಿ. ಹೂ ತೆಗೆದು ಕಂಪ್ಯೂಟರು ಹಚ್ಚಿದರೆ ಆಟದಲ್ಲಿ ಮುರಿಗೆಪ್ಪನ ಹೆಸರು ಬೆಳಗುತ್ತಿತ್ತು. ಎಲ್ಲೋ ದೂರದ ಬೆಟ್ಟದ ಮೇಲೆ ಒಬ್ಬನೇ ನಿಂತಿದ್ದ. ಮಾಂತ್ರಿಕನ ವಿದ್ಯೆಗಳಲ್ಲಿ ದೆವ್ವವನ್ನಲ್ಲದೆ ದೂರದ ಗೆಳೆಯನನ್ನು ಕರೆಸುವುದೂ ಒಂದು. ಆದರೆ ಅದಕ್ಕೆ ಬಹಳ ನಿಯಮ. ಮಾಂತ್ರಿಕನೊಬ್ಬನಿಂದ ಆಗದು, ಇನ್ನಿಬ್ಬರು ಜೊತೆಗೆ ನಿಂತು ಕೈಜೋಡಿಸಬೇಕು. ಅದಾದ ಮೇಲೂ, ಕರೆ ಹೋದವನು ‘ಹೌದು’ ಎಂಬ ಗುಂಡಿ ಒತ್ತಿದರೆ ಮಾತ್ರ ಬರುತ್ತಾನೆ. ಪುಣೆಯವನನ್ನೂ ಸೊಲ್ಲಾಪುರದವನನ್ನೂ ಬೇಡಿಕೊಂಡು ಪಕ್ಕಕ್ಕೆ ನಿಲ್ಲಿಸಿಕೊಂಡೆ. ಮೂರು ಸಲ ಕರೆದೆ, ಮೂರು ಆತ್ಮ ಹಾಳಾದವು. ಮುರಿಗೆಪ್ಪ ಮೂರು ಸಲವೂ ‘ಬೇಡ’ ಒತ್ತಿದ. ಗುಂಡಪ್ಪ ಒಂದು ದಿನವೂ ನನಗೆ ಬೇಡ ಅಂದಿರಲಿಲ್ಲ. ದೆವ್ವದ ಮೇಲೆ ಅಧಿಕಾರ ನಡೆಸಿ ರೂಢಿಯಾದವನಿಗೆ ಮನುಷ್ಯನನ್ನು ಕರೆಯುವುದು ಮರೆತುಹೋಗುತ್ತದೆ ಎಂದು ಆಗ ಹೊಳೆಯಿತು.

“ನಿಮ್ಮಿಬ್ಬರ ಜಗಳ ಏನಾದರೂ ಇರಲಿ, ನಿನ್ನೆ ತಪ್ಪಿತು, ಇವತ್ತು ಐದಕ್ಕೆ ಹಾವು ಕೊಲ್ಲಲೇಬೇಕು” ಎಂದು ಪುಣೆಯವನು ಮರಾಠಿಯಲ್ಲಿ ತಾಕೀತು ಮಾಡಿ ಹೋದ. ನನಗೆ ಹಾವಿನ ಚಿಂತೆ ಇರಲಿಲ್ಲ.

ದಶಮಿಯ ಸಂಜೆ ನಮ್ಮಲ್ಲಿ ಬನ್ನಿ ಎಲೆ ಕೊಡುವ ಪದ್ಧತಿ. ಸಿಕ್ಕವರಿಗೆಲ್ಲ ಎಲೆ ಕೊಟ್ಟು “ಬನ್ನಿ ತೊಗೊಂಡು ಬಂಗಾರದಂಗ ಇರೂಣು” ಅನ್ನಬೇಕು. ಹೊಲದ ಬದುವಿಗೆ ಬಡಿದಾಡಿಕೊಂಡವರು, ಕೋರ್ಟು ಹತ್ತಿದವರು, ಎಲ್ಲರೂ ಅವತ್ತು ಎದುರಾದರೆ ಎಲೆ ತೆಗೆದುಕೊಳ್ಳಲೇಬೇಕು. ಬನ್ನಿಯನ್ನು ನಿರಾಕರಿಸುವ ಗುಂಡಿಯನ್ನು ಯಾರೂ ಇನ್ನೂ ಮಾಡಿಲ್ಲ. ಜೇಬಿಗೆ ಎಲೆ ತುಂಬಿಕೊಂಡು ನಡೆದೇ ಬನಹಟ್ಟಿಗೆ ಹೊರಟೆ. ದಾರಿಯುದ್ದಕ್ಕೂ ಜನ ನಿಲ್ಲಿಸಿ ಎಲೆ ಕೊಡುವವರು, ತೆಗೆದುಕೊಳ್ಳುವವರು. ಹತ್ತು ನಿಮಿಷದ ದಾರಿಗೆ ಮುಕ್ಕಾಲು ತಾಸಾಯಿತು.

ಮುರಿಗೆಪ್ಪ ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದ. ಐದಕ್ಕೆ ಹತ್ತು ನಿಮಿಷವಿತ್ತು. ನಾನು ಎಲೆ ಚಾಚಿದೆ. ಮುಖ ನೋಡದೆ ಒಂದು ಕೈಯಲ್ಲಿ ತೆಗೆದುಕೊಂಡು ಬದಿಗಿಟ್ಟ. ಹಣೆಗೆ ಹಚ್ಚಿಕೊಳ್ಳಲಿಲ್ಲ, ಅಪ್ಪಿಕೊಳ್ಳಲಿಲ್ಲ, ಬಂಗಾರದ ಮಾತನ್ನೂ ಆಡಲಿಲ್ಲ.

ದಾರಿಯಲ್ಲಿ ನಾಲ್ಕು ಚಂದದ ಕ್ಷಮೆಯ ಮಾತುಗಳನ್ನು ಹೊಂದಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ನೀಲವ್ವನಿಗೆ, “ವಿಭೂತಿ ಕುಂಕುಮ ತೊಗೊಂಡ ಬಾರವಾ ತಂಗಿ” ಅಂದೆ. ಅವಳು ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು, ತಟ್ಟೆ ತಂದಳು. ನಾನು ಕೈಕಾಲು ತೊಳೆದು ಬಂದು ಅವನ ಮಾನಿಟರಿನ ನೆತ್ತಿಗೆ ಮೂರು ಬೆರಳು ಎಳೆದೆ.

“ಏಯ್, ಏನ ಮಾಡಾಕತ್ತೀಲೇ?”

“ಪೂಜಿ.”

“ನವಮಿ ನಿನ್ನಿಗೆ ಆತು.”

“ನಿನ್ನೆ ನನಗ ಬುದ್ಧಿ ಇರಲಿಲ್ಲೋ ಮುರಗ್ಯಾ. ಇವತ್ತ ಬಂದೈತಿ. ಒಂದ ದಿನ ತಡಾ ಆತು.”

ನಾನು ಕುಂಕುಮ ಹಚ್ಚಿದೆ. ಸ್ವಲ್ಪ ಪರದೆಯ ಮೇಲೂ ಬಿತ್ತು. ನೀಲವ್ವ ಒಂದು ಚೆಂಡುಹೂ ಕೊಟ್ಟಳು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಾನು ಹಿಡಿದುಕೊಂಡು ನಿಂತಾಗ, ಅವನೇ ಕೀಬೋರ್ಡಿನ ಮೇಲಿಂದ ಕೈ ತೆಗೆದು ಜಾಗ ಮಾಡಿಕೊಟ್ಟ. ಹೆಡ್‌ಫೋನಿನಿಂದ ಗಲಾಟೆ ಕೇಳುತ್ತಿತ್ತು. ಗವಿಯ ಬಾಗಿಲಲ್ಲಿ ಕಾಯುತ್ತಿದ್ದ ಎಂಟು ಜನ ಡಾಕ್ಟರಸಾಹೇಬನನ್ನು ಒಂದೇ ಸಮ ಕರೆಯುತ್ತಿದ್ದರು.

ಮುರಿಗೆಪ್ಪ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು, ಮರಾಠಿಯಲ್ಲಿ ಅವರಿಗೆ ಹೇಳಿದ: ಇವತ್ತು ಬರಲಾಗುವುದಿಲ್ಲ, ನಾಳೆಯವರೆಗೆ ಮುಟ್ಟುವಂತಿಲ್ಲ, ನಮ್ಮ ಮನೆಯಲ್ಲಿ ಆಯುಧಪೂಜೆ ಇದೆ.

ಆಮೇಲೆ ಹೆಡ್‌ಫೋನು ತೆಗೆದು ಹೂವಿನ ಪಕ್ಕಕ್ಕಿಟ್ಟು, ತಟ್ಟೆಯನ್ನು ನನ್ನ ಕಡೆಗೆ ಸರಿಸಿದ.

“ಇದಕ್ಕೂ ಹಚ್ಚು” ಅಂದ.