ಬಾಗಿಲ ಕೆಳಗಿನ ಕಬ್ಬಿಣಕ್ಕೆ ಕುಂಕುಮ

ನನ್ನ ಜೀಪಿಗೆ ಮೊದಲ ಪೆಟ್ಟು ಬಿದ್ದದ್ದು ಬೆಟ್ಟದಲ್ಲೂ ಅಲ್ಲ, ಬಂಡೆಯ ಮೇಲೂ ಅಲ್ಲ. ಬಸವೇಶ್ವರನಗರದ ನಮ್ಮ ಮನೆಯ ಗೇಟಿನ ಪಕ್ಕ, ನಾನೇ ನೆಡಿಸಿದ ಕಲ್ಲಿಗೆ. ಗೇಟಿಗೆ ಅಡ್ಡವಾಗಿ ಯಾರ್ಯಾರೋ ಕಾರು ನಿಲ್ಲಿಸಿ ಹೋಗುತ್ತಾರೆಂದು ಸಿಟ್ಟು ಬಂದು, ಕೆಲವು ವರ್ಷಗಳ ಹಿಂದೆ ಮೊಣಕಾಲೆತ್ತರದ ಒಂದು ಕಲ್ಲನ್ನು ಮೂಲೆಯಲ್ಲಿ ಹೂಳಿಸಿದ್ದೆ. ಹಳೆಯ ಪುಟ್ಟ ಕಾರು ಅದರ ಪಕ್ಕದಲ್ಲಿ ಸಲೀಸಾಗಿ ನುಸುಳುತ್ತಿತ್ತು. ಜೀಪು ಅದಕ್ಕಿಂತ ಉದ್ದ, ಅಗಲ. ತಂದ ನಾಲ್ಕನೇ ದಿನ ಎಡಕ್ಕೆ ತಿರುಗಿಸುವಾಗ ಮುಂದಿನ ಚಕ್ರವೇನೋ ಕಲ್ಲನ್ನು ದಾಟಿತು, ಗಾಡಿಯ ಪಕ್ಕೆ ದಾಟಲಿಲ್ಲ. ಇಳಿದು ನೋಡಿದರೆ ಎಡಬಾಗಿಲ ಕೆಳಗೆ ಉದ್ದಕ್ಕೆ ಬರುವ ತಗಡು, ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಅನ್ನುತ್ತಾರಲ್ಲ, ಅದು ಅಂಗೈಯಗಲ ಒಳಗೆ ಹೋಗಿತ್ತು.

"ಆ ಕಲ್ಲು ಕಿತ್ತಾಕ್ಸಿ ರೀ" ಎಂದಳು ಹೆಂಡತಿ.

ಕಿತ್ತರೆ ಮಾರನೇ ದಿನವೇ ಅಲ್ಲಿ ಯಾರದೋ ಕಾರು ಬಂದು ನಿಲ್ಲುತ್ತದೆ, ನಮ್ಮ ಗಾಡಿ ಒಳಗೇ ಬಂದಿ. ಬಿಟ್ಟರೆ ದಿನವೂ ಗುದ್ದು. ಬಾಗಿಲ ಕೆಳಗೆ ರಕ್ಷಣೆಗೆ ಏನಾದರೂ ಹಾಕಿಸಲೇಬೇಕು ಎಂಬ ಮಾತು ಶುರುವಾದದ್ದು ಹೀಗೆ. ಸ್ನೇಹಿತರಿಗೆ ಮಾತ್ರ ಬಂಡೆಗೆ ತಾಗಿತು ಎಂದೇ ಹೇಳಿದೆ.

ಜೀಪು ಯಾಕೆ ಬೇಕಿತ್ತು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ನೆಟ್ಟಗಿನ ಉತ್ತರವೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ವಿಜಯನಗರದ ಒಂದೇ ಪಿಯು ಕಾಲೇಜಿನಲ್ಲಿ ಅದೇ ತ್ರಿಕೋನಮಿತಿ ಪಾಠ ಮಾಡುತ್ತಿದ್ದೇನೆ. ದೀಪದ ಕಂಬದ ನೆರಳು ಇಷ್ಟಿದ್ದರೆ ಕಂಬದ ಎತ್ತರ ಎಷ್ಟು ಎಂದು ಕೇಳುತ್ತಲೇ ತಲೆ ನರೆಯಿತು. ಮನೆಗೆ ಬಂದು ಕಿಟಕಿ ತೆಗೆದರೆ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಪಕ್ಕದ ಮನೆಯ ಗೋಡೆ. ಅವರ ಒಗ್ಗರಣೆಗೆ ನಾವು ಕೆಮ್ಮಬೇಕು. ಯಾರೂ ನನ್ನನ್ನು ಕಟ್ಟಿಹಾಕಿರಲಿಲ್ಲ, ಆದರೂ ಉಸಿರು ಕಟ್ಟುತ್ತಿತ್ತು. ಒಂದು ಭಾನುವಾರ ಕಾಲೇಜಿನ ಒಬ್ಬ ಸಹೋದ್ಯೋಗಿ ಮಾಗಡಿ ರಸ್ತೆಯಾಚೆ, ಕೆಲಸ ನಿಂತುಹೋದ ಒಂದು ಕಲ್ಲುಗಣಿಗೆ ಕರೆದುಕೊಂಡು ಹೋದ. ಹತ್ತಾರು ಜೀಪುಗಳು ಬಂಡೆಯ ಮೇಲೆ ಒಂದೊಂದೇ ಚಕ್ರ ಎತ್ತಿಟ್ಟು ಹತ್ತುತ್ತಿದ್ದವು. ರಸ್ತೆಯೇ ಇಲ್ಲದ ಕಡೆಗೂ ಹೋಗಬಹುದು ಎಂದು ಕಂಡ ಆ ಬೆಳಿಗ್ಗೆ ನನಗೆ ನಿಜವಾಗಿಯೂ ಸಂತೋಷವಾಗಿತ್ತು. ಮುಂದಿನ ತಿಂಗಳು ಕಾರು ಮಾರಿ ಜೀಪು ತಂದೆ.

ಕಾರು ಮಾರುವಾಗ ಅಮ್ಮನ ನೆನಪು ಬರಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಕಾರು ಬಹಳ ತಗ್ಗು. ಅಮ್ಮ ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂತು, ಆಮೇಲೆ ಒಂದೊಂದೇ ಕಾಲನ್ನು ಎರಡು ಕೈಯಲ್ಲೂ ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದಳು. ಯಾರ ಸಹಾಯವೂ ಬೇಕಿರಲಿಲ್ಲ. ಬುಧವಾರ ನನಗೆ ಎರಡೇ ಪೀರಿಯಡ್ಡು. ಮಧ್ಯಾಹ್ನ ಊಟ ಮುಗಿಸಿ ಅಮ್ಮನನ್ನು ಬ್ಯಾಡರಹಳ್ಳಿಯ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗುವುದು, ಸಂಜೆ ಕರೆತರುವುದು. ಆರೇಳು ವರ್ಷದಿಂದ ತಪ್ಪದೇ ನಡೆದುಬಂದದ್ದು. ಅಮ್ಮ ವಾರದಲ್ಲಿ ಮನೆಯಿಂದ ಹೊರಗೆ ಕಾಲಿಡುತ್ತಿದ್ದದ್ದು ಅದೊಂದೇ ದಿನ.

ಕಬ್ಬಿಣದ ಕೆಲಸದವರೊಬ್ಬರು ಸಿಕ್ಕಿದ್ದು ದೀಪಾಂಜಲಿ ನಗರದ ಒಂದು ಹಿಂಬದಿ ರಸ್ತೆಯಲ್ಲಿ. ಸುಮಾರು ನನ್ನದೇ ವಯಸ್ಸು, ಕನ್ನಡಕ ಹಣೆಯ ಮೇಲೆ. ಗಾಡಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ನಜ್ಜಾದ ಜಾಗವನ್ನು ಬೆರಳಲ್ಲಿ ಸವರಿ, "ಬಂಡೆ ಅಲ್ಲ ಸಾರ್ ಇದು, ಗೇಟ್ ಕಲ್ಲು" ಎಂದರು.

ಆಮೇಲೆ ಗೋಡೆಗೆ ಒರಗಿಸಿದ್ದ ಎರಡು ತುಂಡುಗಳನ್ನು ತೋರಿಸಿದರು. "ಇದು ಸೈಡ್ ಸ್ಟೆಪ್ಪು. ಕೆಳಗಿರುತ್ತೆ, ಅಗಲ ಇರುತ್ತೆ, ಹತ್ತಕ್ಕೆ ಇಳಿಯಕ್ಕೆ ಸುಖ. ಆದ್ರೆ ಬಂಡೆಗೆ ಸಿಕ್ಕಾಕ್ಕೊಂತು ಅಂದ್ರೆ ಮಡಚ್ಕೊಂಡು ಬಾಗಿಲಿಗೇ ಗುದ್ದುತ್ತೆ. ಇನ್ನೊಂದು ರಾಕ್ ಸ್ಲೈಡರು, ಬಂಡೆಗೆ ತಾಗಿದ್ರೆ ಜಾರ್ಕೊಂಡು ಹೋಗೋ ದಪ್ಪ ಕಬ್ಬಿಣ. ಡೈರೆಕ್ಟಾಗಿ ಚಾಸಿಗೇ, ಅಡಿ ಚೌಕಟ್ಟಿಗೇ ಬೋಲ್ಟು. ಮೇಲಕ್ಕೆ ಬಾಡಿಗೆ ಅಂಟ್ಕೊಂಡಂಗೆ ಇರುತ್ತೆ. ಇಡೀ ಗಾಡಿ ಅದರ ಮೇಲೆ ಕೂತ್ರೂ ಬಗ್ಗಲ್ಲ. ಆದ್ರೆ ಮೆಟ್ಟಿಲು ಅಂದ್ಕೋಬೇಡಿ." ಕೊನೆಗೆ ಕೇಳಿದರು, "ಹತ್ತೋರು ಯಾರ್ ಸಾರ್?"

"ನಾನೇ" ಎಂದೆ.

ಒಂದು ವಾರ ಟೈಮು ತೆಗೆದುಕೊಂಡೆ. ಹೆಂಡತಿ, "ಅತ್ತೆ ಹತ್ಬೇಕಲ್ಲ, ಮೆಟ್ಲಿರೋದೇ ಹಾಕ್ಸಿ" ಎಂದಳು. ಜೀಪಿನ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಸುಮ್ಮನೆ ಕೇಳಿ ನೋಡಿದೆ. "ಸೈಡ್ ಸ್ಟೆಪ್ಪಾ ಗುರು? ಹಂಗೇ ಒಂದ್ ಹೂವಿನ ಹಾರ ಹಾಕ್ಸಿ ಮದ್ವೆಗೆ ಬಾಡಿಗೆ ಬಿಡು" ಎಂದ ಒಬ್ಬ. ಎಲ್ಲರೂ ನಗುವ ಮುಖಗಳನ್ನು ಒತ್ತಿದರು. ನನಗೆ ನಲವತ್ತೆಂಟು ವರ್ಷ. ಆ ಒಂದು ತಮಾಷೆಗೆ ಹೆದರಿದೆ. ಹೆಂಡತಿಯ ಮಾತು ಕೇಳಿದರೆ ಗುಂಪಿನಲ್ಲಿ ಮುಖ ತೋರಿಸುವಂತಿಲ್ಲ, ಅವರ ಮಾತು ಕೇಳಿದರೆ ಮನೆಯಲ್ಲಿ. ಕೊನೆಗೆ ಬುದ್ಧಿವಂತನಂತೆ ಅಮ್ಮನನ್ನೇ ಕೇಳಿದೆ. ದೇವರ ಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದವಳು ತಲೆ ಎತ್ತದೆ, "ನಿಂಗೆ ಯಾವುದು ಇಷ್ಟಾನೋ ಅದನ್ನ ಹಾಕ್ಸ್ಕೋ. ನಂದೇನು, ಹೆಂಗೋ ಹತ್ತುತೀನಿ" ಎಂದಳು.

ಅಮ್ಮನ ಇಂಥ ಮಾತಿನ ಅರ್ಥ ಗೊತ್ತಿಲ್ಲದವನಲ್ಲ ನಾನು. ಗೊತ್ತಿಲ್ಲದವನಂತೆ ಇದ್ದುಬಿಟ್ಟೆ. ಸ್ಲೈಡರೇ ಎಂದು ಫೋನ್ ಮಾಡಿದೆ. ಅದು ಎಷ್ಟು ಡಿಗ್ರಿ ಓರೆ ಇರಬೇಕೆಂದು ಲೆಕ್ಕ ಹಾಕಿ, ನೋಟ್‌ಬುಕ್ಕಿನ ಹಾಳೆಯಲ್ಲಿ ಚಿತ್ರ ಬರೆದೂ ಕೊಟ್ಟೆ. ಅವರು ಹಾಳೆಯನ್ನು ಮರ್ಯಾದೆಯಿಂದ ಮಡಚಿ ಜೇಬಿಗಿಟ್ಟುಕೊಂಡರು, ಕೆಲಸವನ್ನು ತಮ್ಮ ಅಂದಾಜಿನಲ್ಲೇ ಮಾಡಿದರು.

ಕೆಲಸ ಚೆನ್ನಾಗಿತ್ತು. ಗೇಟಿನ ಕಲ್ಲಿಗೆ ಉಜ್ಜಿದರೂ ಕಪ್ಪು ಬಣ್ಣ ಮಾತ್ರ ಹೋಗುತ್ತಿತ್ತು, ತಗಡಿಗೆ ಏನೂ ಆಗುತ್ತಿರಲಿಲ್ಲ. ಗಾಡಿಯ ಗಲಾಟೆಯಲ್ಲಿ ಒಂದೆರಡು ಬುಧವಾರ ತಪ್ಪಿದ್ದವು, ಮುಂದಿನ ಬುಧವಾರ ಅಮ್ಮನನ್ನು ಹೊರಡಿಸಿದೆವು. ಸ್ಲೈಡರಿನ ಮೇಲೆ ಕಾಲಿಡಲು ನಾಲ್ಕು ಬೆರಳಗಲ ಜಾಗವಿತ್ತು, ಆದರೆ ಅದು ಮೊಣಕಾಲಿನ ಎತ್ತರ. ಕೆಳಗೊಂದು ಪ್ಲಾಸ್ಟಿಕ್ ಸ್ಟೂಲು ಇಟ್ಟು, ಹೆಂಡತಿ ಹಿಂದಿನಿಂದ, ನಾನು ಒಳಗಿನಿಂದ, ಇಬ್ಬರೂ ಸೇರಿ ಎತ್ತಿ ಕೂರಿಸಿದೆವು. ಅಮ್ಮ ಸೆರಗು ಸರಿಮಾಡಿಕೊಂಡು ಎದುರು ಮನೆಯ ಮಹಡಿಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ಬ್ಯಾಡರಹಳ್ಳಿಯಲ್ಲಿ ಚಿಕ್ಕಮ್ಮನ ರಸ್ತೆಯನ್ನು ಪೈಪು ಹಾಕಲು ಅಗೆದಿದ್ದರು. ಸ್ಟೂಲು ಇಟ್ಟರೆ ಅದರ ಒಂದು ಕಾಲು ಮಣ್ಣಿನಲ್ಲಿ ಇಳಿಯಿತು. ಅಮ್ಮ ಇಳಿಯಲು ಕಾಲು ಚಾಚಿದಳು, ಸ್ಟೂಲು ವಾಲಿತು, ಕಾಲು ಹಿಂದಕ್ಕೆ ಎಳೆದುಕೊಂಡಳು. ಜಾಗ ಬದಲಿಸಿ ಇಟ್ಟೆ. ನನ್ನ ಭುಜ ಹಿಡಿದುಕೋ ಎಂದೆ. "ಬೇಡ ಕಣೋ, ಇಲ್ಲೇ ಕೂತಿರ್ತೀನಿ" ಎಂದಳು.

ಚಿಕ್ಕಮ್ಮನೇ ಕೋಲೂರಿಕೊಂಡು ಆಚೆ ಬಂದರು. ಅವರಿಗೂ ಒಳಗೆ ಹತ್ತಲಾಗದು. ಹೀಗೆ ಒಬ್ಬರು ಗಾಡಿಯ ಒಳಗೆ, ಇನ್ನೊಬ್ಬರು ಮಣ್ಣುಗುಡ್ಡೆಯ ಪಕ್ಕದಲ್ಲಿ ನಿಂತು ಒಂದು ಗಂಟೆ ಮಾತಾಡಿದರು. ಕಿಟಕಿ ಎತ್ತರವಿದ್ದುದರಿಂದ ಚಿಕ್ಕಮ್ಮ ಕತ್ತೆತ್ತಿ ಮಾತಾಡಬೇಕಿತ್ತು. ಕಾಫಿ ಲೋಟ ಕಿಟಕಿಯಿಂದ ಒಳಗೆ ಹೋಯಿತು, ಖಾಲಿಯಾಗಿ ಆಚೆ ಬಂತು. "ನೋಡೇ, ಮಿನಿಸ್ಟರ್ ಥರ ಕೂತಿದೀನಿ" ಎಂದು ಅಮ್ಮ ನಕ್ಕಳು. ಚಿಕ್ಕಮ್ಮ ನಗಲಿಲ್ಲ. ನಾನು ಸ್ಟೂಲಿನ ಕಾಲಿಗಂಟಿದ ಮಣ್ಣನ್ನು ಕೆರೆಯುತ್ತ ನಿಂತಿದ್ದೆ. ಎಲ್ಲಾದರೂ ಓಡಿಹೋಗೋಣ ಅನ್ನಿಸಿತು, ಅದಕ್ಕೆಂದೇ ತಂದ ಗಾಡಿಯಲ್ಲಿ ಅಮ್ಮ ಕೂತಿದ್ದಳು.

ಮುಂದಿನ ವಾರ ಆಯುಧಪೂಜೆ. ಜೀಪನ್ನು ತೊಳೆದು, ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಅಮ್ಮ ತಾನೇ ಬಂದು ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟಳು. ಆಮೇಲೆ ಕಷ್ಟಪಟ್ಟು ಬಗ್ಗಿ, ಎಡಬಾಗಿಲ ಕೆಳಗಿನ ಕಬ್ಬಿಣಕ್ಕೂ ಉದ್ದಕ್ಕೆ ಮೂರು ಕಡೆ ಇಟ್ಟಳು. ಅದರ ಮುಂದಿನ ಬುಧವಾರ ಹೊರಡು ಎಂದರೆ, "ಪೂಜೆ ಮಾಡಿದ ಕಬ್ಬಿಣ ಕಣೋ. ಕುಂಕುಮ ಇಟ್ಟಿರೋ ಕಡೆ ಕಾಲಿಡಕ್ಕಾಗುತ್ತಾ? ಅದು ತಾನಾಗೇ ಹೋಗ್ಲಿ, ಆಮೇಲೆ ನೋಡೋಣ" ಎಂದಳು.

ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಟ್ಯಾಕ್ಸಿ ಕರೆಸುತ್ತೇನೆ ಎಂದೆ. "ಮನೇಲಿ ಇಷ್ಟು ದೊಡ್ಡ ಗಾಡಿ ಇಟ್ಕೊಂಡು ಬಾಡಿಗೆ ಕಾರಲ್ಲಿ ಹೋದ್ರೆ, ಮಗ ಕರ್ಕೊಂಡು ಬರಲ್ಲ ಅಂದ್ಕೊತಾಳೆ ಅವಳು" ಎಂದಳು. ಆಟೋ ಕುಲುಕಾಟ ಅವಳ ಬೆನ್ನಿಗೆ ಆಗದು. ಕುಂಕುಮ ಅಳಿಸಲಿ ಎಂದು ಕಾದೆವು.

ಅಳಿಸಲೇ ಇಲ್ಲ. ಭಾನುವಾರ ಗಾಡಿ ತೊಳೆಯುತ್ತಿದ್ದೆ, ಬುಧವಾರ ನೋಡಿದರೆ ಕುಂಕುಮ ಇರುತ್ತಿತ್ತು. ಮಂಗಳವಾರದ ಪೂಜೆಯ ಜೊತೆಗೆ ಇದಕ್ಕೂ ಇಡುತ್ತಾಳೆ, ಹೊಸ ಗಾಡಿಯ ಮೇಲೆ ಪ್ರೀತಿ ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ದೀಪಾವಳಿ ಕಳೆಯಿತು, ಕಾರ್ತಿಕ ಕಳೆಯಿತು. ಚಿಕ್ಕಮ್ಮನ ರಸ್ತೆಗೆ ಡಾಂಬರೂ ಬಂತು. ಅಮ್ಮ ಬುಧವಾರ ಮಧ್ಯಾಹ್ನ ವರಾಂಡದಲ್ಲಿ ಕೂತು ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಿದ್ದಳು. ಜೀಪು ಎದುರಿಗೇ ನಿಂತಿರುತ್ತಿತ್ತು. ಕಲ್ಲುಗಣಿಗೆ ನಾನು ಅಲ್ಲಿಯವರೆಗೆ ಹೋದದ್ದು ಮೂರು ಸಲ. ಉಳಿದಂತೆ ಅದು ಮಾಗಡಿ ರಸ್ತೆಯ ಸಿಗ್ನಲ್ಲುಗಳಲ್ಲಿ ಎರಡನೇ ಗೇರಿನಲ್ಲಿ ತೆವಳುತ್ತಿತ್ತು, ಇಲ್ಲವೇ ಗೋಡೆಗಳ ನಡುವೆ ನಿಂತಿರುತ್ತಿತ್ತು. ಕಾಲೇಜಿಗೆ ನಾನು ಹೋಗುವುದು ಇವತ್ತಿಗೂ ಸ್ಕೂಟರಿನಲ್ಲಿ.

ಒಂದು ಬುಧವಾರ ಪರೀಕ್ಷೆಯ ಕೆಲಸ ಬೇಗ ಮುಗಿದು ಹನ್ನೊಂದು ಗಂಟೆಗೇ ಮನೆಗೆ ಬಂದೆ. ಗೇಟು ತೆಗೆದರೆ, ಜೀಪಿನ ಎಡಗಡೆ ಅದೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅಮ್ಮ ಕೂತಿದ್ದಾಳೆ. ತೊಡೆಯ ಮೇಲೆ ಕುಂಕುಮದ ಬಟ್ಟಲು. ಬೆರಳು ಒದ್ದೆ ಮಾಡಿ ಮೂರನೇ ಬೊಟ್ಟು ಇಡುತ್ತಿದ್ದಾಳೆ. ಪಕ್ಕದಲ್ಲಿ ದೀಪ ಇರಲಿಲ್ಲ, ಹೂವೂ ಇರಲಿಲ್ಲ. ನನ್ನನ್ನು ಕಂಡು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಇವತ್ತು ಮಂಗಳವಾರ ಅಲ್ವಲ್ಲಮ್ಮ" ಎಂದೆ.

ಅವಳು ಕಬ್ಬಿಣವನ್ನೇ ನೋಡುತ್ತ ಹೇಳಿದಳು, "ಭಾನುವಾರ ನೀನು ತೊಳೆದುಬಿಡ್ತೀಯ. ಬೊಟ್ಟು ಇಲ್ಲ ಅಂದ್ರೆ ಮಧ್ಯಾಹ್ನ ಬಂದು ಹತ್ತು ಅಂತೀಯ. ನನ್ ಕಾಲು ಅಷ್ಟು ಮೇಲಕ್ಕೆ ಏಳಲ್ಲ ಕಣೋ. ಎಷ್ಟು ಆಸೆಪಟ್ಟು ತಂದಿದೀಯ, ಹೆಂಗೆ ಹೇಳ್ಲಿ?"

ನಾಚಿಕೆಯಾಯಿತು. ಆ ವಯಸ್ಸಿನಲ್ಲಿ ಅವಳು ನನಗೆ ಬೇಜಾರಾಗದಿರಲೆಂದು ದೇವರನ್ನು ಅಡ್ಡ ಇಟ್ಟುಕೊಂಡಿದ್ದಳು. ನನಗೆ ಉಸಿರು ಕಟ್ಟುತ್ತದೆಂದು ನಾನು ಗಾಡಿ ತಂದೆ, ಅದನ್ನು ಅವಳ ಬಾಗಿಲಿಗೇ ಅಡ್ಡ ನಿಲ್ಲಿಸಿದೆ.

ಅವತ್ತೇ ದೀಪಾಂಜಲಿ ನಗರದ ಆ ಕಬ್ಬಿಣದ ಕೆಲಸದವರ ಬಳಿ ಹೋದೆ. ಸ್ಲೈಡರು ಇರಲಿ, ಅದರ ಕೆಳಗೆ ಅಗಲವಾದ ಮೆಟ್ಟಿಲೊಂದು ಬೇಕು, ಅಮ್ಮ ಹತ್ತಬೇಕು ಎಂದೆ. ಅವರು ಮೊದಲೇ ಹೇಳಬಾರದಿತ್ತೇ ಎನ್ನಲಿಲ್ಲ. ಎರಡು ಪಿನ್ನು ಎಳೆದರೆ ಬಿಚ್ಚಿ ಬರುವ ಹಾಗೆ ಮಾಡಿಕೊಡುತ್ತೇನೆ, ಬಂಡೆ ಹತ್ತುವ ದಿನ ತೆಗೆದಿಡಿ ಎಂದರು. ಆಮೇಲೆ ಕನ್ನಡಕ ಕಣ್ಣಿಗೆ ಇಳಿಸಿಕೊಂಡು, "ಅಮ್ಮಂದು ಕಾಲು ಎಷ್ಟು ಎತ್ತರಕ್ಕೆ ಏಳುತ್ತೆ ಸಾರ್?" ಎಂದು ಕೇಳಿದರು.

ಗಾಡಿಯ ಹೊಟ್ಟೆ ನೆಲದಿಂದ ಎಷ್ಟು ಮೇಲಿದೆ ಎಂದು ಮಿಲಿಮೀಟರಿನಲ್ಲಿ ಹೇಳಬಲ್ಲೆ. ಇದು ಗೊತ್ತಿರಲಿಲ್ಲ.

"ಗೋಡೆ ಪಕ್ಕ ನಿಲ್ಸಿ, ಕಾಲೆತ್ತಕ್ಕೆ ಹೇಳಿ. ಎಲ್ಲಿಗೆ ಬರುತ್ತೋ ಅಲ್ಲಿ ಒಂದು ಗೀಟು ಹಾಕಿ ಅಳ್ಕೊಂಡು ಬನ್ನಿ" ಎಂದರು. ಸೀಮೆಸುಣ್ಣ ನನ್ನ ಜೇಬಿನಲ್ಲೇ ಇತ್ತು. ಮನೆಗೆ ಬಂದು ಅಮ್ಮನನ್ನು ವರಾಂಡದ ಗೋಡೆಯ ಪಕ್ಕ ನಿಲ್ಲಿಸಿದೆ. ಹೆಂಡತಿಯ ತೋಳು ಹಿಡಿದುಕೊಂಡು ಪಾದ ಎತ್ತಿದಳು. ಮುಖ ಕಿವಿಚಿತು, ಪಾದ ನಿಂತಿತು. ಗೀಟೆಳೆದು ನೋಡಿದರೆ ನೆಲದಿಂದ ಒಂದು ಗೇಣೂ ಇರಲಿಲ್ಲ.

"ಸಾಕೇನೋ?" ಎಂದಳು.

"ಸಾಕಮ್ಮ" ಎಂದೆ.

ಹತ್ತು ದಿನದಲ್ಲಿ ಮೆಟ್ಟಿಲು ಬಂತು. ಅದು ಕೆಳಗೆ, ಅಗಲಕ್ಕೆ, ಸ್ಲೈಡರಿಗಿಂತ ಬಹಳ ಆಚೆಗೆ ಚಾಚಿಕೊಂಡಿದೆ. ಹೂವಿನ ಹಾರವೊಂದು ಕಮ್ಮಿ. ಬುಧವಾರ ಮಧ್ಯಾಹ್ನ ಅಮ್ಮ ಸೀರೆ ಉಟ್ಟು, ಕೈಚೀಲ ಹಿಡಿದು ಆಚೆ ಬಂದಳು. ಮೆಟ್ಟಿಲನ್ನು ಒಂದು ಸಲ ಕೈಯಲ್ಲಿ ಒತ್ತಿ ನೋಡಿದಳು. ಆಮೇಲೆ ಸೆರಗಿನ ತುದಿ ಒದ್ದೆ ಮಾಡಿಕೊಂಡು, ಮೇಲಿನ ಕಬ್ಬಿಣದ ಮೇಲಿದ್ದ ಮೂರು ಬೊಟ್ಟುಗಳನ್ನೂ ತಾನೇ ಒರೆಸಿದಳು. ಬಾಗಿಲ ಹಿಡಿಕೆ ಹಿಡಿದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು, ಇನ್ನೊಂದನ್ನೂ ಇಟ್ಟಳು. ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂತು, ಹಳೆಯ ಕಾರಿನಲ್ಲಿ ಮಾಡುತ್ತಿದ್ದ ಹಾಗೆಯೇ ಒಂದೊಂದೇ ಕಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡಳು. ಎತ್ತಲು ನಿಂತಿದ್ದ ನಾವಿಬ್ಬರೂ ಕೈ ಕೆಳಗಿಳಿಸಿದೆವು.

ಗೇಟು ದಾಟಿ ಎಡಕ್ಕೆ ತಿರುಗಿಸಿದೆ. ಕೆಳಗಿನಿಂದ ಕರ್ರೆಂದು ಸದ್ದು ಬಂತು. ನಾನು ಬ್ರೇಕ್ ತುಳಿದೆ.

"ಏನೋ ಅದು?" ಎಂದಳು ಅಮ್ಮ.

"ಹೊಸ ಮೆಟ್ಲು, ಕಲ್ಲಿಗೆ ತಾಗ್ತು."

ಅಮ್ಮ ಕೈಚೀಲವನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು. "ತಾಗ್ಲಿ ಬಿಡು, ನಡಿ" ಎಂದಳು. "ಚಿಕ್ಕಮ್ಮ ಗೇಟ್ ಹತ್ರಾನೇ ನಿಂತಿರ್ತಾಳೆ."